ನೀರಿನ ಮೆಂಬರ್ ದುರುಗಪ್ಪ

ದುರುಗಪ್ಪನವರು ಟೌನ್ ಕಮಿಟಿಯ ಮೀಟಿಂಗಿಗೆ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಬರುತ್ತಿದ್ದರು. ಸಾದಾ ಕುರ್ಚಿಯಲ್ಲ. ಬೆತ್ತ ಹೆಣೆದ, ಎರಡೂ ಕಡೆ ಕೈಯಿದ್ದ ಸಾಗವಾನಿ ಕುರ್ಚಿ. ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿಯುತ್ತಿದ್ದಾಗ, ತನ್ನ ದೇಶಕ್ಕೆ ಹೊರಟಿದ್ದ ಯಾವನೋ ದೊರೆ ಸಾಮಾನು ಹರಾಜು ಹಾಕಿದನಂತೆ, ಆಗ ಕೊಂಡದ್ದು. ಬಜಾರಿನ ನಡುವೆ ಅವರು ಹಾಗೆ ನಡೆದು ಬಂದರೆ ಅಂಗಡಿಯವರು ತಕ್ಕಡಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನೋಡುತ್ತಿದ್ದರು. ಊರ ಹೊರಗಿನ ಕೇರಿಯವನೊಬ್ಬ ಕುರ್ಚಿಯ ಮೇಲೆ ಕೂಡುವುದನ್ನೇ ನಮ್ಮ ಊರು ಕಂಡಿರಲಿಲ್ಲ. ಕುರ್ಚಿಯನ್ನು ಮೆರೆಸಿಕೊಂಡು ಬರುವುದನ್ನು ಕಂಡು ಜನಕ್ಕೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ.

ಊರಿನ ಹೆಸರು ಬೇಡ. ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರರಲ್ಲಿ ಒಂದು ಎಂದರೆ ಸಾಕು. ಅಂದಿನವರ ಮೊಮ್ಮಕ್ಕಳು ಇನ್ನೂ ಅಲ್ಲಿಯೇ ಇದ್ದಾರೆ. ನಿಜಾಮನ ಆಡಳಿತ ಮುಗಿದು ಒಂದೆರಡು ವರ್ಷವಾಗಿತ್ತು. ಕಮಿಟಿಯ ಕಾಗದವೆಲ್ಲ ಇನ್ನೂ ಉರ್ದುವಿನಲ್ಲಿ. ಉರ್ದು ಓದಿ ಕನ್ನಡ ಬರೆಯಬಲ್ಲವನೆಂದು ನನ್ನನ್ನು ಗುಮಾಸ್ತನಾಗಿ ತೆಗೆದುಕೊಂಡಿದ್ದರು. ಕಮಿಟಿಯ ಅಧ್ಯಕ್ಷರನ್ನು ಜನ ‘ಸದರ್ ಸಾಹೇಬ್ರು’ ಎನ್ನುತ್ತಿದ್ದರು. ಅವರು ಜವಳಿ ಅಂಗಡಿಯ ವೀರಭದ್ರಪ್ಪ, ನನ್ನ ಸೋದರಮಾವ.

ಹರಿಜನರಿಗೆಂದು ಕಮಿಟಿಯಲ್ಲಿ ಒಂದು ಜಾಗ ಇರಬೇಕೆಂದು ಸರಕಾರ ಹುಕುಂ ಕಳಿಸಿದಾಗ, ಹೆಬ್ಬೆಟ್ಟು ಒತ್ತಿ ಮನೆಗೆ ಹೋಗುವವನೊಬ್ಬ ಸಿಕ್ಕರೆ ಸಾಕೆಂದು ಮಾವ ದುರುಗಪ್ಪನವರ ಹೆಸರು ಹಾಕಿಸಿದ್ದರು. ಗಣಿಯಲ್ಲಿ ಕೆಮ್ಮು ಹತ್ತಿ ಊರಿಗೆ ಮರಳಿದ್ದ, ಎತ್ತರದ, ಮೆತ್ತಗೆ ಮಾತಾಡುವ ಮನುಷ್ಯ. ಮೊದಲ ಮೀಟಿಂಗಿನಲ್ಲಿ ಅವರಿಗೆ ಕುರ್ಚಿ ಇರಲಿಲ್ಲ.

“ಜಮಖಾನಿ ಹಾಸೇವಿ, ಕೂಡು” ಎಂದರು ಮಾವ.

“ನಿಂದರತೀನ್ರಿ” ಎಂದರು ದುರುಗಪ್ಪನವರು. ಮೀಟಿಂಗ್ ಮುಗಿಯುವವರೆಗೂ ಬಾಗಿಲ ಹತ್ತಿರ ನಿಂತೇ ಇದ್ದರು. ಮುಂದಿನ ಸಲ ಕುರ್ಚಿ ಬಂತು. ಮುಗಿದ ಮೇಲೆ ಅದನ್ನು ಮತ್ತೆ ತಲೆಗೇರಿಸುತ್ತಿದ್ದಾಗ, ಇಲ್ಲಿಯೇ ಬಿಡಬಾರದೇ ಎಂದು ನಾನು ಕೇಳಿದೆ.

“ಬ್ಯಾಡ್ರಿ ಗುಮಾಸ್ತ್ರ. ಯಾರರ ತಪ್ಪಿ ಕುಂತು ಮೈಲಿಗಿ ಆದ್ರ ನನ್ನ ಮ್ಯಾಲ ಬರತೈತಿ.”

ಮುಖದಲ್ಲಿ ನಗುವಿರಲಿಲ್ಲ. ನಾನೂ ನಗಲಿಲ್ಲ.

ಕಮಿಟಿಯ ಕೆಲಸವೆಂದರೆ ದೊಡ್ಡದೇನಲ್ಲ. ಬೀದಿಯ ಕಂದೀಲಿಗೆ ಸೀಮೆಎಣ್ಣೆ, ಸಂತೆಯ ಕರ, ಬಿಡಾಡಿ ದನಗಳನ್ನು ಕೊಂಡವಾಡಿಗೆ ಹಾಕಿಸುವುದು, ಗಟಾರದ ಹೂಳು. ಒಂದೊಂದು ಠರಾವು ಪಾಸಾದಾಗಲೂ ದುರುಗಪ್ಪನವರು ಒಂದೇ ಮಾತು ಕೇಳುತ್ತಿದ್ದರು: “ನಮ್ಮ ಕೇರಿಗೆ?” ಮಾವನ ಉತ್ತರವೂ ಒಂದೇ: “ಮುಂದಿನ ಮೀಟಿಂಗದಾಗ ನೋಡೋಣು.” ಒಮ್ಮೆ ಆಫೀಸಿನ ಮೆಟ್ಟಿಲು ಇಳಿಯುತ್ತ ಅವರು ನನಗೆ ಹೇಳಿದರು: “ಈ ಮುಂದಿನ ಮೀಟಿಂಗ್ ಅನ್ನಾಕಿ ಬಾಳ ಚೆಂದದಾಕಿ ಇರಬೇಕ್ರಿ. ಇಷ್ಟು ದಿನ ಕಾದೀನಿ, ಒಮ್ಮೆನೂ ಮಾರಿ ತೋರಸವಲ್ಲಳು.”

ಆ ಬೇಸಿಗೆಯಲ್ಲಿ ಊರಿಗೆ ಕಾಲರಾ ಬಂತು. ಮೊದಲು ಸಂತೆಗೆ ಬಂದ ಪರಸ್ಥಳದವರಿಬ್ಬರು ಸತ್ತರು, ಆಮೇಲೆ ಊರಿನವರೇ. ರಾಯಚೂರಿನಿಂದ ಬಾವಿಗೆ ಹಾಕುವ ಬಿಳಿ ಪುಡಿಯ ಡಬ್ಬಿಗಳು ಬಂದವು. ಜೊತೆಗೊಂದು ಹುಕುಂ. ಪುಡಿ ಹಾಕಿದ ಮೇಲೆ ಕಮಿಟಿಯ ಒಬ್ಬ ಸದಸ್ಯ ಪ್ರತಿಯೊಂದು ಬಾವಿಯ ನೀರನ್ನು ಜನರೆದುರು ಕುಡಿದು ತೋರಿಸಬೇಕು, ಇಲ್ಲವಾದರೆ ಜನ ಹೆದರಿ ಆ ನೀರು ಮುಟ್ಟುವುದಿಲ್ಲ. ಹುಕುಂ ಬರೆದವನಿಗೆ ನಮ್ಮ ಜನ ಗೊತ್ತಿದ್ದರು. ಆ ಪುಡಿ ವಿಷವೆಂದೂ, ಕುಡಿದರೆ ಮಕ್ಕಳಾಗುವುದಿಲ್ಲವೆಂದೂ ಆಗಲೇ ಸುದ್ದಿ ಹಬ್ಬಿತ್ತು.

ಮೀಟಿಂಗಿನಲ್ಲಿ ಯಾರೂ ಮುಂದೆ ಬರಲಿಲ್ಲ. ಒಬ್ಬರಿಗೆ ಪಿತ್ತ, ಒಬ್ಬರಿಗೆ ವ್ರತ. ಕೊನೆಗೆ ಮಾವ ಅಂದರು: “ನಮ್ಮ ದುರುಗಪ್ಪ ಗಣ್ಯಾಗ ದುಡದಾಂವ, ಎದಿಗಾರ. ಅಂವ ಕುಡೀಲಿ.”

ಎಲ್ಲರೂ ತಟ್ಟನೆ ಒಪ್ಪಿದರು. ಕಮಿಟಿಯಲ್ಲಿ ಅಷ್ಟು ಬೇಗ ಪಾಸಾದ ಠರಾವನ್ನು ನಾನು ಕಂಡಿರಲಿಲ್ಲ. ದುರುಗಪ್ಪನವರು, “ಏನ್ ಬರದೀರಿ, ಓದ್ರಿ ಗುಮಾಸ್ತ್ರ” ಎಂದರು.

ನಾನು ಓದಿದೆ. ಊರಿನ ಎಲ್ಲ ಸಾರ್ವಜನಿಕ ಬಾವಿಗಳ ನೀರನ್ನು ಸದಸ್ಯರಾದ ದುರುಗಪ್ಪನವರು ಕುಡಿದು ಪರೀಕ್ಷಿಸತಕ್ಕದ್ದು.

“ಕುಡದು ಅಂದ್ರ ಹ್ಯಾಂಗ್ರಿ? ಬ್ಯಾರೆ ಯಾರರ ಸೇದಿ ಕೊಟ್ರ, ಅದು ಯಾವ ಬಾವಿ ನೀರೋ ನನಗೇನ್ ಗೊತ್ತು? ಸ್ವತಃ ಸೇದಿ ಕುಡದು ಅಂತ ಬರೀರಿ.”

“ಹಾಂಗ ಬರಿಯಪಾ” ಎಂದರು ಮಾವ, ಎಲೆ ಅಡಿಕೆಯ ತಟ್ಟೆಗೆ ಕೈ ಹಾಕುತ್ತ.

ಬರೆಯುವಾಗ ನನ್ನ ಲೇಖನಿ ನಿಂತಿತು. ‘ಎಲ್ಲ ಬಾವಿಗಳ’, ‘ಸ್ವತಃ ಸೇದಿ’. ತಲೆಯೆತ್ತಿ ದುರುಗಪ್ಪನವರನ್ನು ನೋಡಿದೆ. ಅವರೂ ನನ್ನನ್ನೇ ನೋಡುತ್ತಿದ್ದರು. ಆ ಕೋಣೆಯಲ್ಲಿ ಅದರ ಅರ್ಥ ತಿಳಿದವರು ನಾವಿಬ್ಬರೇ. ಮಾವ ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ನಾವು ಮೂವರು ಹೊರಟೆವು. ಪುಡಿಯ ಡಬ್ಬಿಗಳ ಕೈಗಾಡಿ ತಳ್ಳುತ್ತ ದವಾಖಾನೆಯ ಕಾಂಪೌಂಡರ್ ಖಾಸೀಮ್ ಸಾಬರು, ಠರಾವಿನ ನಕಲು ಹಿಡಿದು ನಾನು, ಹಗ್ಗ ಕೊಡ ಹಿಡಿದು ದುರುಗಪ್ಪನವರು. ಕಮಿಟಿಯವರು ಹಾಕಿಕೊಟ್ಟ ಕ್ರಮದಂತೆ ಮೊದಲು ಬಜಾರು. ಪುಡಿ ಹಾಕಿ, ಅದು ಕರಗುವವರೆಗೆ ಕಾದು, ಅವರು ಸೇದಿ ಕುಡಿದರು. ಜನಕ್ಕೆ ಏನು ನಡೆಯುತ್ತಿದೆ ಎಂದು ಹೊಳೆಯುವಷ್ಟರಲ್ಲಿ ನಾವು ಮುಂದಿನ ಬಾವಿಯಲ್ಲಿರುತ್ತಿದ್ದೆವು. ಮಠದ ಓಣಿಗೆ ಬರುವ ಹೊತ್ತಿಗೆ ಸುದ್ದಿ ನಮಗಿಂತ ಮುಂಚೆ ಬಂದಿತ್ತು.

ಅದು ನಮ್ಮದೇ ಓಣಿ. ಬಾವಿಯ ಸುತ್ತ ಗಂಡಸರು ನಿಂತಿದ್ದರು, ಒಂದಿಬ್ಬರ ಕೈಯಲ್ಲಿ ಬಡಿಗೆ. ಆಚೆ ಕಟ್ಟೆಯ ಬಳಿ ತುಂಬಿದ ಕೊಡ ಹಿಡಿದು ನನ್ನ ಅವ್ವ. ಖಾಸೀಮ್ ಸಾಬರು ಮೆಲ್ಲಗೆ, “ಓದ್ರಿ” ಎಂದರು. ಠರಾವನ್ನು ಜೋರಾಗಿ ಓದಿದೆ, ಕೆಳಗಿನ ಸಹಿ ಯಾರದೆಂಬುದನ್ನೂ ಓದಿದೆ. ಸದರ್ ಸಾಹೇಬರ ಹೆಸರು ಕೇಳಿ ಬಡಿಗೆ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟರಲ್ಲಿ ಪುಡಿ ಬಾವಿಗೆ ಬಿದ್ದಿತ್ತು. ಕಾದು ನಿಂತ ಆ ಹೊತ್ತಿನಷ್ಟು ಉದ್ದದ ಹೊತ್ತನ್ನು ನಾನು ಮತ್ತೆ ಕಾಣಲಿಲ್ಲ. ಕೊನೆಗೆ ದುರುಗಪ್ಪನವರು ಕೊಡ ಇಳಿಸಿದರು, ಸೇದಿದರು, ಕೊಡವೆತ್ತಿ ಗಟಗಟ ಕುಡಿದರು. ಬಾಯಿ ಒರೆಸಿಕೊಂಡು ಅಲ್ಲಿದ್ದವರನ್ನೆಲ್ಲ ಒಮ್ಮೆ ನೋಡಿ ಹೇಳಿದರು:

“ಸಿಹಿ ಐತ್ರಿ ನೀರು. ಅದಕ್ಕ ಇಷ್ಟು ಜ್ವಾಕಿ ಮಾಡೀರಿ.”

ನನ್ನ ಅವ್ವ ಆ ಮೊದಲೇ ತುಂಬಿಟ್ಟುಕೊಂಡಿದ್ದ ಕೊಡವನ್ನು ನೆಲಕ್ಕೆ ಬಗ್ಗಿಸಿ, ನೀರೆಲ್ಲ ಚೆಲ್ಲಿ, ಬರಿಗೊಡ ಹಿಡಿದು ಮನೆಗೆ ಹೋದಳು.

ಉಳಿದದ್ದು ಕೊನೆಯ ಬಾವಿ, ಕೇರಿಯದು. ಅಲ್ಲಿ ಖಾಸೀಮ್ ಸಾಬರು ಡಬ್ಬಿ ಬಗ್ಗಿಸಿದರೆ ತಳದಿಂದ ಒಂದು ಹಿಡಿ ಪುಡಿ ಉದುರಿತು. ಇನ್ನೊಂದು ಡಬ್ಬಿ ತೆರೆದರು. ಅದೂ ಖಾಲಿ. ಅವರು ತಲೆ ತಗ್ಗಿಸಿ ನಿಂತರು. ದುರುಗಪ್ಪನವರ ಮಗಳು ಹುಲಿಗೆಮ್ಮ, ಹತ್ತರ ಆಸುಪಾಸಿನ ಹುಡುಗಿ, ಅಪ್ಪ ಊರಿನ ಬಾವಿಗಳ ನೀರು ಕುಡಿದು ಬಂದಿದ್ದಾನೆಂದು ಓಡಿಬಂದು ಅವರ ಧೋತರ ಹಿಡಿದು, “ಹ್ಯಾಂಗಿತ್ತಪಾ?” ಎಂದು ಕೇಳುತ್ತಿದ್ದಳು.

ಅಂದೇ ನಾವು ಮಾವನ ಅಂಗಡಿಗೆ ಹೋದೆವು. ದುರುಗಪ್ಪನವರು ಹೊರಗೆ ನಿಂತು ಹೇಳಿದರು: “ರಾಯಚೂರಿಂದ ಪುಡಿ ಬರೋತನಾ ನಮ್ಮ ಮಂದಿಗೆ ಯಾವುದರ ಒಂದು ಬಾವ್ಯಾಗ ನೀರು ತುಂಬಾಕ ಬಿಡ್ರಿ. ನಮ್ಮ ನೀರು ಚಲೋ ಇಲ್ಲ.”

ಓಣಿಯವರು ಆಗಲೇ ಬಂದು ಮಾವನಿಗೆ ಬಾಯಿಗೆ ಬಂದಂತೆ ಬೈದು ಹೋಗಿದ್ದರು. ಮಾವ ದುರುಗಪ್ಪನವರ ಮುಖ ನೋಡಲಿಲ್ಲ. “ಮುಂದಿನ ಮೀಟಿಂಗದಾಗ ನೋಡೋಣು” ಎಂದರು.

ಮೀಟಿಂಗಿಗೆ ಮೊದಲೇ ಹುಲಿಗೆಮ್ಮ ಸತ್ತಳು. ಬೆಳಿಗ್ಗೆ ವಾಂತಿ ಶುರುವಾಗಿ, ಹೊತ್ತು ಇಳಿಯುವುದರೊಳಗೆ ಮುಗಿದಿತ್ತು. ಖಾಸೀಮ್ ಸಾಬರು ಆಫೀಸಿಗೆ ಬಂದು ಹೇಳಿದಾಗ ನಾನು ದೀಪದ ಎಣ್ಣೆಯ ಠರಾವನ್ನು ಕನ್ನಡಕ್ಕೆ ಇಳಿಸುತ್ತಿದ್ದೆ. ಮುಂದೆ ಏನು ಬರೆದೆನೋ ನನಗೆ ನೆನಪಿಲ್ಲ.

ಆ ವಾರದ ಮೀಟಿಂಗಿಗೆ ದುರುಗಪ್ಪನವರು ಬರುವುದಿಲ್ಲವೆಂದು ಎಲ್ಲರೂ ತಿಳಿದಿದ್ದರು. ಅದಕ್ಕೇ ಆ ದಿನದ ವಿಷಯವನ್ನು ಧೈರ್ಯವಾಗಿ ಇಟ್ಟಿದ್ದರು. ಮಠದ ಓಣಿಯವರ ಅರ್ಜಿ: ತಮ್ಮ ಬಾವಿ ಮೈಲಿಗೆಯಾಗಿದೆ, ಅದರ ನೀರನ್ನೆಲ್ಲ ಎತ್ತಿ ಚೆಲ್ಲಿಸಿ, ಶುದ್ಧ ಮಾಡಿಸಿಕೊಡಬೇಕು. ಅಷ್ಟು ದಿನವೂ ಓಣಿಯವರು ಆ ಬಾವಿ ಬಿಟ್ಟು ಹಳ್ಳದ ನೀರು ತರುತ್ತಿದ್ದರು. ಮಾವ ಅರ್ಜಿ ಓದಿಸುತ್ತಿದ್ದಾಗ ಬಾಗಿಲಲ್ಲಿ ಕುರ್ಚಿಯ ಕಾಲುಗಳು ಕಂಡವು. ದುರುಗಪ್ಪನವರು ಕುರ್ಚಿ ಇಳಿಸಿ, ಕುಳಿತು, “ಓದ್ರಿ, ಯಾಕ ನಿಂತ್ರಿ?” ಎಂದರು.

ಓದಿ ಮುಗಿಸಿದೆ. ಅವರು ಎದ್ದು ನಿಂತರು. ಬೈಯುತ್ತಾರೆ, ಕುರ್ಚಿ ಎತ್ತಿ ಒಗೆಯುತ್ತಾರೆ ಎಂದುಕೊಂಡೆ. ಹಾಗೆ ಮಾಡಿದ್ದರೆ ಆ ಕೋಣೆಯಲ್ಲಿದ್ದವರಿಗೆಲ್ಲ ಎಷ್ಟೋ ಹಗುರಾಗುತ್ತಿತ್ತು.

“ನನ್ನ ಒಪ್ಪಿಗಿ ಐತ್ರಿ” ಎಂದರು. “ಬಾವಿ ಪೂರಾ ಖಾಲಿ ಮಾಡಸ್ರಿ. ಎತ್ತಿದ ನೀರು ಮಾತ್ರ ಚೆಲ್ಲಬ್ಯಾಡ್ರಿ. ಅದು ಪುಡಿ ಬಿದ್ದ ನೀರು. ನಮ್ಮ ಕೇರಿಗೆ ಕೊಡ್ರಿ.”

ಸದಸ್ಯರೊಬ್ಬರು ಎಲೆ ಅಡಿಕೆ ಉಗುಳಲು ಎದ್ದವರು ಹಾಗೆಯೇ ನಿಂತರು. ಮಾವನ ಕೈಯಲ್ಲಿದ್ದ ಕನ್ನಡಕ ತೊಡೆಯ ಮೇಲೆ ಬಿತ್ತು. ಅದನ್ನು ಎತ್ತಿಕೊಂಡು ಅವರು, “ಬರಕೋ” ಎಂದರು.

ಎತ್ತು ಕಟ್ಟಿ, ತೊಗಲಿನ ಬಾನಿಯಿಂದ ಬಾವಿ ಎತ್ತಿಸಿದರು. ಆ ತೊಗಲನ್ನು ಹದ ಮಾಡಿ ಹೊಲಿದವರೂ ಕೇರಿಯವರೇ ಎಂಬ ಮಾತನ್ನು ಯಾರೂ ಎತ್ತಲಿಲ್ಲ. ನೀರು ಕಾಲುವೆಯಲ್ಲಿ ಓಣಿಯ ಹೊರಗೆ ಹರಿದು ಬಂದಂತೆ ಕೇರಿಯ ಹೆಂಗಸರು ತುಂಬಿಕೊಂಡರು, ಪೀಪಾಯಿಗಳಲ್ಲಿ ಗಾಡಿಗೇರಿಸಿ ಒಯ್ದರು. ಒಂದು ತಂಬಿಗೆಯೂ ಮಣ್ಣಿಗೆ ಹೋಗದಂತೆ ದುರುಗಪ್ಪನವರು ನಿಂತು ನೋಡಿಕೊಂಡರು. ಊರಿನ ಒಳ್ಳೆಯ ನೀರನ್ನು ಊರವರೇ ಎತ್ತಿ ಹೊರಗೆ ಹಾಕಿ, ಬಾವಿಯ ಶುದ್ಧಿ ಮುಗಿಯುವವರೆಗೆ ತಾವು ಹಳ್ಳದ ನೀರು ಕುಡಿಯುತ್ತಿದ್ದರು. ಕೇರಿಯಲ್ಲಿ ಸಾವು ನಿಂತಿತು. ಮಠದ ಓಣಿಯಲ್ಲಿ ಶುರುವಾಯಿತು. ಮಾವನ ತಮ್ಮ ಹೋದ, ಎದುರು ಮನೆಯ ಬಾಣಂತಿ ಹೋದಳು.

ರಾಯಚೂರಿನಿಂದ ಮತ್ತೆ ಪುಡಿ ಬಂತು. ಈ ಸಲ ದುರುಗಪ್ಪನವರು ಮೊದಲು ತಮ್ಮ ಕೇರಿಯ ಬಾವಿಗೆ ಹಾಕಿಸಿದರು, ಯಾರೂ ಬೇಡವೆನ್ನಲಿಲ್ಲ. ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ಕಾಣದಿದ್ದರೆ ನಂಬುತ್ತಿರಲಿಲ್ಲ. ಅಂದು ಬಡಿಗೆ ಹಿಡಿದು ನಿಂತಿದ್ದ ಹಿರಿಯರೇ ಅವರನ್ನು ಕರೆಸಿದರು. “ನೀ ಕುಡದು ನೋಡು. ನೀ ಕುಡದ್ರ ನಮ್ಮ ಹೆಂಗಸರು ತುಂಬತಾರ.” ದುರುಗಪ್ಪನವರು ಬಂದು ಸೇದಿ ಕುಡಿದರು. ಈ ಸಲ ಏನೂ ಹೇಳಲಿಲ್ಲ. ಅವರು ಓಣಿ ದಾಟುವ ಮೊದಲೇ ಕೊಡಗಳು ಬಾವಿಗಿಳಿದವು. ‘ನೀರಿನ ಮೆಂಬರ’ ಎಂಬ ಹೆಸರು ಅವರಿಗೆ ಅಂದಿನಿಂದ ಬಂತು. ಕಾಲರಾ ಹೋದ ಮೇಲೆ ಒಂದು ದಿನ ಕೇರಿಯ ಹೆಂಗಸೊಬ್ಬಳು ಅದೇ ಬಾವಿಗೆ ಕೊಡ ತಂದಳು. ಅದೇ ಹಿರಿಯರು ಅವಳ ಕೊಡ ಒಡೆದು ಕಳಿಸಿದರು.

ಅದಾದ ಮೇಲೆ ದುರುಗಪ್ಪನವರು ಮೀಟಿಂಗಿಗೆ ಬರಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟರೆಂದು ಕೇಳಿದೆ.

ಐವತ್ತಾರರಲ್ಲಿ, ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರುವ ಕೆಲವು ತಿಂಗಳ ಮುಂಚೆ, ಆಫೀಸಿನ ಕೆಲಸಕ್ಕೆ ಗೊರೇಬಾಳಕ್ಕೆ ಹೋಗಿದ್ದೆ. ಹೊಸ ಕಾಲುವೆಯ ನೀರು ಬಂದು ಆ ಕಡೆ ಭತ್ತದ ಗದ್ದೆಗಳಾಗಿದ್ದವು. ಕಾಲುವೆಯ ದಂಡೆಯಲ್ಲಿ ಸಲಿಕೆ ಹಿಡಿದು ನಿಂತವರು ದುರುಗಪ್ಪನವರು. ಬಹಳ ಸೊರಗಿದ್ದರು. ಗುರುತು ಹಿಡಿದು ಗುಡಿಸಲಿಗೆ ಕರೆದರು. ಹೆಂಡತಿ ನೀರು ಬೆಲ್ಲ ಕೊಟ್ಟಳು. ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದುದನ್ನು ಕೇಳಿದೆ: ಅವತ್ತು ಆ ಅರ್ಜಿ ಓದಿದಾಗ ನಿಮಗೆ ಸಿಟ್ಟು ಬರಲಿಲ್ಲವೇ?

“ಬಂದಿತ್ತುರೀ. ಆದ್ರ ಕೇರ್ಯಾಗ ಇನ್ನೂ ಕೂಸುಗಳಿದ್ವು.”

ಆಮೇಲೆ ಅವರೇ ಕೇಳಿದರು: “ನಿಮ್ಮವ್ವ ಹ್ಯಾಂಗದಾರ?”

ಹೋದ ವರ್ಷ ತೀರಿಕೊಂಡಳೆಂದೆ. ಅವರು ಸಲಿಕೆಯನ್ನು ಗೋಡೆಗೆ ಆನಿಸಿ ಅಲ್ಲೇ ಕುಳಿತರು. “ಹುಲಿಗೆಮ್ಮ ಸತ್ತ ದಿನ ಆಕಿ ನಮ್ಮ ಕೇರಿಗೆ ಬಂದಿದ್ಲು. ನಿಮಗ ಹೇಳಿಲ್ಲೇನು?”

ಇಲ್ಲವೆಂದು ತಲೆಯಾಡಿಸಿದೆ.

“ಒಬ್ಬಾಕಿನ ಬಂದಿದ್ಲು. ಬೇಲಿ ಆಚಿ ನಿಂತು ನನ್ನ ಹೆಂಡತೀನ ಕರದು ಒಂದು ಸೀರಿ ಕೊಟ್ಲು. ನಿಮ್ಮ ಮಾವನ ಅಂಗಡಿದು, ಮಡಿಕಿ ಬಿಚ್ಚಿರಲಿಲ್ಲ. ಒಂದು ಮಾತು ಆಡಲಿಲ್ಲ, ಹ್ವಾದ್ಲು. ಹುಲಿಗೆಮ್ಮನ್ನ ಅದ್ರಾಗ ಸುತ್ತಿ ಮಣ್ಣ ಮಾಡಿದ್ವಿ.”

ತುಂಬಿದ ಕೊಡವನ್ನು ನೆಲಕ್ಕೆ ಚೆಲ್ಲಿದ ನನ್ನ ಅವ್ವ. ಅದೇ ವಾರ ಕೇರಿಯ ಬೇಲಿಯವರೆಗೆ ನಡೆದು ಹೋಗಿದ್ದಳು. ಒಂದೇ ಮನೆಯಲ್ಲಿ, ಅವಳ ಕೈಯ ರೊಟ್ಟಿ ತಿಂದುಕೊಂಡು ಅಷ್ಟು ವರ್ಷ ಇದ್ದ ನನಗೆ ಅದು ತಿಳಿದಿರಲಿಲ್ಲ. ಯಾಕೆ ಹೋದೆ, ಹೋದವಳು ಬೇಲಿಯ ಆಚೆಯೇ ಯಾಕೆ ನಿಂತೆ ಎಂದು ಕೇಳಲು ಅವಳೀಗ ಇರಲಿಲ್ಲ. ದುರುಗಪ್ಪನವರು ನನ್ನನ್ನು ಬಂಡಿಯ ದಾರಿಯವರೆಗೆ ಕಳಿಸಲು ಬಂದರು. ಮುಂದಿನ ಸುಗ್ಗಿಯ ಹೊತ್ತಿಗೆ ಆ ಕಡೆ ಹೋದಾಗ ಗುಡಿಸಲಿನ ಬಾಗಿಲಿಗೆ ಮುಳ್ಳು ಹಚ್ಚಿತ್ತು. ಗಣಿಯ ಕೆಮ್ಮು ಅವರನ್ನು ಮಳೆಗಾಲದಲ್ಲೇ ಒಯ್ದಿತ್ತೆಂದೂ, ಹೆಂಡತಿ ತವರಿಗೆ ಹೋದಳೆಂದೂ ಪಕ್ಕದ ಗದ್ದೆಯವನು ಹೇಳಿದ. ಯಾವ ಊರು ಅವಳ ತವರು ಎಂದು ಅವನಿಗೆ ಗೊತ್ತಿರಲಿಲ್ಲ.