ಚೌಡಣ್ಣ ಇಪ್ಪತ್ತೆರಡು ವರ್ಷ ತೋರಿಸಿದ ರಾಜ

ಪೆನುಕೊಂಡ ಈಗಲೂ ರಾಜಧಾನಿಯೇ ಎಂದು ನಂಬಿರುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಪರಿಗಿ ಕಡೆಯ ಚೌಡಣ್ಣ. ಹಂಪಿ ಹಾಳಾದ ಮೇಲೆ ವಿಜಯನಗರದ ಅರಸರು ಈ ಬೆಟ್ಟದ ಬುಡಕ್ಕೆ ಬಂದು ಆಳಿದ್ದು ಯಾವ ಕಾಲದ ಮಾತು! ಚೌಡಣ್ಣನ ಬಾಯಲ್ಲಿ ಮಾತ್ರ ರಾಯರು ಈಗ ತಾನೇ ಸಂತೆಗೆ ಹೋಗಿದ್ದಾರೆ, ಇನ್ನೇನು ಬಂದುಬಿಡುತ್ತಾರೆ. ರಾಯರ ಅರಮನೆ ಗಗನಮಹಲಿನ ಬಾಗಿಲಲ್ಲಿ ಅವನು ದನಿ ತಗ್ಗಿಸುತ್ತಾನೆ. ಜೋರಾಗಿ ಫೋನಿನಲ್ಲಿ ಮಾತಾಡುವವರನ್ನು ಕಂಡರೆ ಮೈಯೆಲ್ಲ ಉರಿ.

ವಯಸ್ಸು ಅರವತ್ತೊಂದು, ಓದು ಬರಹ ಸೊನ್ನೆ. ದಿನಾ ಬೆಳಿಗ್ಗೆ ಊರಿನಿಂದ ಬಸ್ಸು ಹತ್ತಿ ಬಂದು, ನೋಡಲು ಬಂದವರಿಗೆ ಕೋಟೆ ಸುತ್ತಿಸುವುದೇ ಇಪ್ಪತ್ತೆರಡು ವರ್ಷದ ಕೆಲಸ. ಬಿಸಿಲಲ್ಲಿ ಬೆಂದು ಬಂದವರನ್ನು ಮಹಲಿನ ಒಳಗೆ ನಿಲ್ಲಿಸಿ ಗೋಡೆಗೆ ಕೆನ್ನೆ ಒತ್ತಿಸುತ್ತಾನೆ. "ನಾನೂರು ವರ್ಷದ ತಂಪು ಕಣ್ರಪ್ಪಾ, ಕುಡೀರಿ," ಅನ್ನುತ್ತಾನೆ. ಆಮೇಲೆ ಎಲ್ಲರ ಕಣ್ಣು ಮುಚ್ಚಿಸಿ, ತಲೆ ಮೇಲೆತ್ತಿಸಿ, "ಚೂಡಂಡಿ, ನೋಡ್ರಪ್ಪಾ!" ಎಂದು ಕೂಗುತ್ತಾನೆ. ಕಣ್ಣು ಬಿಟ್ಟರೆ ಗುಮ್ಮಟದ ಹೊಟ್ಟೆ ಮೇಲಿಂದ ಇಳಿದುಬಂದ ಹಾಗೆ ಕಾಣುತ್ತದೆ. ಅಬ್ಬಾ! ಊರಾಚೆಯ ಕಾರಿನ ಕಾರ್ಖಾನೆಯ ದೊಡ್ಡ ದೊಡ್ಡ ಎಂಜಿನಿಯರುಗಳೇ ಅಲ್ಲಿ ಬಾಯಿ ತೆರೆದು ನಿಂತಿದ್ದಾರೆ. ಇನ್ನೊಂದು ವಿಚಿತ್ರವೆಂದರೆ ಚೌಡಣ್ಣನೂ ಪ್ರತಿಸಲ ಅವರ ಜೊತೆಗೇ ಬಾಯಿ ತೆರೆಯುತ್ತಾನೆ. ಅದು ನಾಟಕವಲ್ಲ, ಅವನಿಗೆ ನಿಜವಾಗಿಯೂ ಹಾಗೇ ಆಗುತ್ತದೆ.

ಇಂಥವನಿಗೆ ಈ ವರ್ಷ ಒಂದು ಪೀಕಲಾಟ ಬಂತು. ಗೈಡುಗಳಿಗೆಲ್ಲ ಗುರುತಿನ ಚೀಟಿ ಕೊಡಬೇಕು, ಚೀಟಿ ಇಲ್ಲದವರು ಜನರನ್ನು ಒಳಗೆ ಕರೆದೊಯ್ಯಬಾರದು ಎಂದು ಕೋಟೆ ನೋಡಿಕೊಳ್ಳುವ ಹೊಸ ಸಮಿತಿಯವರು ತೀರ್ಮಾನ ಮಾಡಿದರು. ಯಾರು ಸರಿಯಾಗಿ ಹೇಳುತ್ತಾರೆ ಎಂದು ನೋಡಲು ಹಿಂದೂಪುರದ ನಿವೃತ್ತ ಚರಿತ್ರೆ ಮೇಷ್ಟ್ರು ರಘುನಾಥ್ ಬಂದರು. ಚೌಡಣ್ಣನ ಸರದಿ ಬಂದದ್ದು ಒಂದು ಶನಿವಾರ. ಅವತ್ತು ಅವನ ಪಾಲಿಗೆ ಬಂದವರು ಕಲ್ಯಾಣದುರ್ಗದ ಮಹಿಳಾ ಸಂಘದ ಇಪ್ಪತ್ತು ಹೆಂಗಸರು. ಅವರ ಮುಂದಾಳು ಬನಶಂಕರಮ್ಮ, ಮಾತಿನಲ್ಲಿ ಯಾರಿಗೂ ಸೋಲದ ಗಟ್ಟಿಗಿತ್ತಿ.

ಮಹಲಿನಲ್ಲಿ ಎಲ್ಲ ಚೆನ್ನಾಗಿಯೇ ಆಯಿತು. ಮೇಷ್ಟ್ರು ಕೂಡ ಗೋಡೆಗೆ ಕೆನ್ನೆ ಒತ್ತಿದರು. ಕೊನೆಗೆ ಚೌಡಣ್ಣ ಎಲ್ಲರನ್ನೂ ಬೆಟ್ಟದ ಬುಡದ ಕುಂಟೆ ಅನ್ನುವ ಸಣ್ಣ ಕೆರೆಯ ಹತ್ತಿರ ಕರೆತಂದ. ಆ ನೀರಿನ ದಂಡೆಯಲ್ಲಿ ಎದೆಯೆತ್ತರದ ಒಂದು ಕಲ್ಲು, ಅದರ ಮೇಲೆ ಕಾಲು ಅಗಲಿಸಿ ನಿಂತ ಗಂಡಸಿನ ಕೆತ್ತನೆ. ಶನಿವಾರ ಶನಿವಾರ ಚೌಡಣ್ಣನೇ ಎಣ್ಣೆ, ಕುಂಕುಮ ಹಚ್ಚಿ ಹಚ್ಚಿ ಕಲ್ಲು ಕರ್ರಗೆ ಜಿಡ್ಡುಗಟ್ಟಿತ್ತು.

"ಇವ್ರೇ ರಾಯರು. ದಂಡು ಬತ್ತೈತೆ ಅಂತ ಕತ್ತಿ ಹಿರಿದು ನಿಂತವ್ರೆ. ಕೈ ಮುಗೀರಮ್ಮಾ."

ಹೆಂಗಸರು ಕೈ ಮುಗಿದರು. ಬನಶಂಕರಮ್ಮ ಮಾತ್ರ ಕಲ್ಲಿಗೆ ಮೂಗು ತಾಗುವಷ್ಟು ಬಗ್ಗಿದಳು.

"ಅಣ್ಣಾ, ಕತ್ತೀನ ಯಾರಾದ್ರೂ ಹಿಂಗೆ ಎರಡು ಕೈಯಾಗೆ ನೆಟ್ಟಗೆ ಹಿಡ್ಕಂತಾರಾ? ಒಂದು ಕೈ ಮ್ಯಾಲೆ, ಒಂದು ಕೈ ಕೆಳ್ಗೆ, ಮೊನೆ ನೆಲಕ್ಕೆ. ಇದು ಗಡಾರಿ ಕಣಣ್ಣಾ! ಕರುವು ಪನಿಗೆ, ಬರಗಾಲದ ಕೂಲಿಗೆ ಹೋಗಿ ಕೆರೆ ಅಗೆಯೋವಾಗ ದಿನಾ ಹಿಡೀತೀವಿ, ನಮ್ಗೆ ಗೊತ್ತಾಗಲ್ವಾ?"

ಹೆಂಗಸರು ಕಿಸಕ್ಕೆಂದರು. ಚೌಡಣ್ಣನಿಗೆ ರೇಗಿಹೋಯಿತು. "ರಾಯರ ಕೈಗೆ ಹಾರೆ ಕೊಡ್ತೀಯೇನಮ್ಮಾ? ನಮ್ಮ ತಾತನ ಕಾಲದಿಂದ ಹೇಳ್ಕೊಂಡು ಬಂದೈತೆ!"

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಕಲ್ಲಿನ ಪಾದದ ಬಳಿ ಕುಳಿತರು. ಜಿಡ್ಡಿನ ಮೇಲೆ ಬೆರಳಾಡಿಸಿ, "ಕೆಳಗೆ ಅಕ್ಷರ ಇದ್ದ ಹಾಗಿದೆ ಚೌಡಣ್ಣ. ತಿಕ್ಕಿ ತೊಳೆದರೆ ಓದಬಹುದು. ಆದರೆ ನೀವು ಪೂಜೆ ಮಾಡುವ ಕಲ್ಲು. ನೀವು ಬೇಡ ಅಂದರೆ ಬೇಡ," ಅಂದರು.

ಬೇಡ ಅಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಚೀಟಿ ಸಿಗುತ್ತಿತ್ತು, ರಾಯರೂ ಉಳಿಯುತ್ತಿದ್ದರು. ತಿಕ್ಕಿ ನೋಡಿ ತಪ್ಪಾಗಿದ್ದರೆ ಎರಡೂ ಹೋದ ಹಾಗೆ. ಚೌಡಣ್ಣ ಕುಂಟೆಯ ನೀರನ್ನೇ ನೋಡುತ್ತಾ ನಿಂತ. ಕೊನೆಗೆ, "ತಿಳ್ಕಂಡೇ ಬುಡಾನ. ಇರ್ರಿ, ಬತ್ತೀನಿ," ಎಂದು ರಸ್ತೆಯ ಅಂಗಡಿಗೆ ಹೋಗಿ ಸೀಗೆಪುಡಿ ತಂದ. ಪಂಚೆ ಎತ್ತಿಕಟ್ಟಿ, ತೆಂಗಿನ ನಾರು ಹಿಡಿದು ತಾನೇ ತಿಕ್ಕಲು ಕುಳಿತ. ಬೇರೆಯವರು ಮುಟ್ಟಲು ಬಿಡಲಿಲ್ಲ. ಇಪ್ಪತ್ತೆರಡು ವರ್ಷದ ಎಣ್ಣೆ, ಸುಮ್ಮನೆ ಬಿಡುತ್ತದೆಯೇ? ಅರ್ಧ ಗಂಟೆ ಹಿಡಿಯಿತು.

ಕರಿ ಹೋಗಿ ಬೂದುಬಣ್ಣದ ಕಲ್ಲು ಕಂಡಿತು. ಸೊಂಟಕ್ಕೆ ಸುತ್ತಿದ ತುಂಡುಬಟ್ಟೆ ಕಂಡಿತು. ಕಿರೀಟ ಅಂದುಕೊಂಡಿದ್ದು ತಲೆಗೆ ಬಿಗಿದ ರುಮಾಲಾಗಿತ್ತು. ಕಾಲಡಿಯಲ್ಲಿ ಎರಡು ಸಾಲು ಹಳೆಯ ಕನ್ನಡ. ಮೇಷ್ಟ್ರು ಒಂದೊಂದೇ ಅಕ್ಷರ ಕೂಡಿಸಿ ಓದಿದರು: "ಈ ಕೆರೆಯ... ಬಂಡೆಯ ಒಡೆದು... ನೀರ ತಂದ... ಕೂಲಿಯ ಓಬ."

ಚೌಡಣ್ಣ ಒದ್ದೆ ಕೈಯಲ್ಲೇ ಕುಳಿತಿದ್ದ. ಗೈಡು ಆಗುವ ಮುಂಚೆ, ಮೂವತ್ತೊಂಬತ್ತು ವಯಸ್ಸಿನ ತನಕ ಅವನು ಊರೂರು ಅಲೆದು ಬಾವಿ ತೋಡಿದವನು. ಬಂಡೆ ಸಿಕ್ಕಿದ ಕಡೆ ಅವನನ್ನೇ ಕರೆಯುತ್ತಿದ್ದರು. ಅಂಥವನಿಗೆ ಹಾರೆಯ ಗುರುತು ಸಿಗಲಿಲ್ಲ! ಸಿಗುವುದಾದರೂ ಹೇಗೆ? ಕೂಲಿಯವನನ್ನು ಯಾರಾದರೂ ಕಲ್ಲಿನಲ್ಲಿ ಕೆತ್ತಿ, ಹೆಸರು ಬರೆದು ನಿಲ್ಲಿಸುತ್ತಾರೆ ಎಂದು ಅವನು ಕನಸಿನಲ್ಲೂ ನೆನೆಸಿರಲಿಲ್ಲ.

"ನನ್ನ ಹೆಸ್ರು ಹೊಡೆದಾಕ್ಬುಡಿ ಸಾರ್," ಅಂದ. "ಇಷ್ಟು ವರ್ಷ ಸುಳ್ಳು ಹೇಳ್ಬುಟ್ಟೆ."

"ಹಾಗಾದರೆ ನನ್ನ ಹೆಸರೂ ಹೊಡೆಯಬೇಕಾಗುತ್ತದೆ," ಎಂದರು ಮೇಷ್ಟ್ರು. "ಹತ್ತು ವರ್ಷದ ಹಿಂದೆ ಈ ಊರಿನ ಮೇಲೆ ಒಂದು ಪುಸ್ತಕ ಬರೆದೆ. ಈ ಕಲ್ಲು ರಾಜನದು ಅಂತ ಅಚ್ಚು ಹಾಕಿಸಿದ್ದೇನೆ. ಯಾರನ್ನು ಕೇಳಿ ಬರೆದೆ ಅಂತೀರಿ? ನಿಮ್ಮನ್ನೇ!" ಜೇಬಿನಿಂದ ಚೀಟಿ ತೆಗೆದು, ಚೌಡಣ್ಣನ ಹೆಸರು ಬರೆದು ರುಜು ಹಾಕಿದರು. "ತಪ್ಪು ಎಲ್ಲರೂ ಹೇಳುತ್ತೇವೆ ಮಾರಾಯರೇ. ಸೀಗೆಪುಡಿ ತರುವವರು ಕಡಿಮೆ."

ಚೌಡಣ್ಣ ಚೀಟಿಯನ್ನು ನೋಡಲೂ ಇಲ್ಲ. ಎದ್ದು ಕಲ್ಲಿನ ಮುಂದೆ ನಿಂತ. ಕಲ್ಲಿನವನ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟ, ಒಂದು ಮೇಲೆ, ಒಂದು ಕೆಳಗೆ. ಸರಿಯಾಗಿ ಕೂತವು. ಕಣ್ಣಲ್ಲಿ ದಳದಳ ನೀರು ಸುರಿಯಿತು. ಅವನು ಒರೆಸಿಕೊಳ್ಳಲೂ ಹೋಗಲಿಲ್ಲ.

"ಯಾಕಣ್ಣಾ, ರಾಯರು ಹೋದ್ರು ಅಂತ ಅಳ್ತೀಯಾ?" ಬನಶಂಕರಮ್ಮ ಮೆಲ್ಲಗೆ ಕೇಳಿದಳು.

"ಇಲ್ಲ ಕಣಮ್ಮಾ. ನಮ್ಮೋನು ಇಲ್ಲೇ ನಿಂತಿದ್ದ. ನಾನು ಒಂದಿನಾನೂ ಮಾತಾಡಿಸ್ಲಿಲ್ಲ."