ಇಟ್ಟಂಗಿ ಬಣ್ಣದ ಬಳೆ

ಟ್ರಂಕಿನ ತಳದ ಹಳೆಯ ಸೀರೆಯ ಮಡಿಕೆಯಲ್ಲಿ ಒಂದು ಕೆಂಪು ಗಾಜಿನ ಬಳೆ ಸಿಕ್ಕಿತು. "ಆಯಿ, ಇದು ಯಾರದ?" ಎಂದು ನಿನ್ನೆ ಮೊಮ್ಮಕ್ಕಳೆಲ್ಲ ನೀವು ಕೇಳಿದಿರಿ. ಅದು ಬಾಯಲ್ಲಿ ಹೇಳಿ ಮುಗಿಯುವ ಮಾತಲ್ಲ. ಬರೆದು ಹೇಳುತ್ತೇನೆ...

ಇಲ್ಲೇ ಹುಕ್ಕೇರಿಯಲ್ಲಿ ನಮ್ಮ ಬಾಜೂ ಮನೆಯಲ್ಲಿ ಬಳೆಗಾರ ಚಾಚಿ ಇದ್ದಳು. ಬುಟ್ಟಿ ಹೊತ್ತು ಹಳ್ಳಿ ಹಳ್ಳಿಗೆ ಹೋಗುತ್ತಿದ್ದಳು. ಚಿಕ್ಕಂದಿನಲ್ಲೇ ಬಳೆಯ ಚೂರು ಸಿಡಿದು ಎಡಗಣ್ಣು ಹೋಗಿತ್ತು. ಉಳಿದದ್ದು ಒಂದೇ ಕಣ್ಣು.

ಒಂದು ದಿನ ಮಮದಾಪುರದ ಬಸುರಿಯೊಬ್ಬಳಿಗೆ ಬಳೆ ಇಡಿಸಲು ಹೊರಟವಳು ನಮ್ಮ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ ಬೈಯತೊಡಗಿದಳು. "ನೋಡ ತಂಗಿ, ಗೋಕಾಕದ ಅಂಗಡಿಯಾಂವ ಮಾಸಿದ ಮಾಲ ಕೊಟ್ಟಾನ. ಇದು ಕೆಂಪೇನ? ಹಳೇ ಇಟ್ಟಂಗಿ ಆಗೇತಿ!"

"ಚಾಚಿ, ಕೆಂಪನ ಐತಲ್ಲ..." ಎಂದೆ ಮೆಲ್ಲಗೆ. ನನಗದು ಕುಂಕುಮದಂತೆ ಕಂಡಿತ್ತು. ಆಕೆ ಬಳೆಯನ್ನು ಬಿಸಿಲಿಗೆ ಹಿಡಿದು ಮತ್ತೆ ಮತ್ತೆ ನೋಡಿದಳು. ಮಾಸಿದ್ದು ಮಾಲಲ್ಲ, ಆಕೆಯ ಒಂದೇ ಕಣ್ಣು ಎಂದು ನನಗೆ ಆಗ ಹೊಳೆಯಿತು.

ಬೆಳಗಾವಿಯ ದವಾಖಾನೆಗೆ ನಾನೇ ಜೊತೆಗೆ ಹೋದೆ. ಕಣ್ಣಿನ ನರವನ್ನು ಸುತ್ತಿಕೊಂಡು ಗಡ್ಡೆ ಬೆಳೆದಿತ್ತು. ಕೊಯ್ದು ತೆಗೆದರೆ ನರವೂ ಹೋದೀತು, ಕಿರಣ ಕೊಡುವುದೇ ದಾರಿ ಎಂದರು ಡಾಕ್ಟರು. "ಕಣ್ಣಿನ ಹೋದ ನೆದರು ತಿರುಗಿ ಬರತೈತಿ ಅಂತ ಹೇಳಾಕ ಆಗೂದಿಲ್ರಿ. ಉಳಿದದ್ದು ಉಳೀಲಿ ಅಂತ ಮಾಡೂದು."

ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಳಿಗೆಯನ್ನು ಆಕೆಯ ಮುಖಕ್ಕೆ ಒತ್ತಿ ಅಚ್ಚು ಮಾಡಿದರು. ಕಿರಣ ಕೊಡುವಾಗ ಪ್ರತಿ ಸಲ ಅದನ್ನೇ ಹಾಕಿ, ತಲೆ ಅಲುಗದಂತೆ ಮೇಜಿಗೆ ಬಿಗಿಯುತ್ತಿದ್ದರು. "ಹಿಟ್ಟಿನ ಜರಡ್ಯಾಗ ಸಿಕ್ಕ ನುಸಿ ಆಗೇನಿ ನೋಡ" ಎಂದು ನಗುತ್ತಿದ್ದಳು. ಒಳಗೆ ಕರೆದಾಗ ಮಾತ್ರ ನನ್ನ ಕೈ ಬಿಡುತ್ತಿರಲಿಲ್ಲ. ನೋವಿಲ್ಲ, ಸ್ವಲ್ಪ ಹೊತ್ತಿನ ಕೆಲಸ ಎಂದಿದ್ದರು. ಆದರೂ ಆ ಬಾಗಿಲು ಮುಚ್ಚಿದರೆ ಅದು ತೆರೆಯುವವರೆಗೂ ನಾನು ಹೊರಗೆ ನಿಂತೇ ಇರುತ್ತಿದ್ದೆ...

ವಾರಗಟ್ಟಲೆ ಹೀಗೆ ನಡೆಯಿತು. ಮುಂಜಾನೆ ಬಸ್ಸಿಗೆ ಹೊರಡುವ ಮುಂಚೆ ಆಕೆ ನನ್ನ ಕೈಯನ್ನು ಬಿಸಿಲಿಗೆ ಹಿಡಿದು, ತಾನೇ ಇಡಿಸಿದ ಕೆಂಪು ಬಳೆ ನೋಡುತ್ತಿದ್ದಳು.

"ಹೆಂಗ ಐತಿ ಚಾಚಿ?" ಎಂದು ನಾನು ಹೆದರುತ್ತ ಕೇಳುತ್ತಿದ್ದೆ.

"ಇಟ್ಟಂಗಿನ ಐತಿ. ಕರೀದ ಆಗಿಲ್ಲಲ್ಲ, ಸಾಕ."

ಗಡ್ಡೆಯ ಬೆಳವಣಿಗೆ ನಿಂತಿತು. ಆದರೆ ತಪಾಸಣೆಗೆ ಹೋಗುವ ದಿನ ಬಂದರೆ ಮತ್ತೆ ಅದೇ ಹೆದರಿಕೆ, ಅದೇ ಪ್ರಶ್ನೆ.

ನಿಮ್ಮ ಅಜ್ಜ ತೀರಿಕೊಂಡಾಗ ಹಿರಿಯರು ನನ್ನ ಬಳೆ ಒಡೆಯಲು ಬಂದರು. ಚಾಚಿ ಅಡ್ಡ ನಿಂತಳು. "ಇಡಿಸಿದಾಕಿ ನಾ. ನಾನ ತೆಗೀತೇನಿ." ಗೆಣ್ಣು ಒತ್ತಿ, ಒಂದೂ ಒಡೆಯದಂತೆ ಜಾರಿಸಿದಳು. ಕೆಂಪು ಬಳೆಯೊಂದನ್ನು ನನ್ನ ಮುಷ್ಟಿಯಲ್ಲಿಟ್ಟು ಕಿವಿಯಲ್ಲಿ ಅಂದಳು: "ಇದನ್ನ ಇಟ್ಕೊ ತಂಗಿ. ಮುಂಜಾನೆ ನಾ ಏನ ನೋಡ್ಲಿ?"

ಆಮೇಲೂ ಆಕೆ ಕಟ್ಟೆಗೆ ಬರುತ್ತಿದ್ದಳು. ನಾನು ಸೆರಗಿನ ಗಂಟು ಬಿಚ್ಚಿ ಬಳೆ ಹಿಡಿಯುತ್ತಿದ್ದೆ. ಆಕೆಯ ಕಣ್ಣಿಗೆ ಅದು ಕೊನೆಯವರೆಗೂ ಕಪ್ಪಾಗಲಿಲ್ಲ. ಹೋದ ಚಳಿಗಾಲದಲ್ಲಿ ಜ್ವರ ಬಂದು ಮಲಗಿದವಳು ಏಳಲಿಲ್ಲ...

ಇಂದು ಮುಂಜಾನೆ ಬಳೆಯನ್ನು ಬಿಸಿಲಿಗೆ ಹಿಡಿದು ನೋಡಿದೆ. ನನ್ನ ಕಣ್ಣಿಗೂ ಈಗ ಪೊರೆ ಬಂದಿದೆ, ನಿಮಗೆ ಗೊತ್ತು. ಬಳೆ ಇಟ್ಟಂಗಿಯಂತೆ ಕಂಡಿತು. ಹೇಳೋಣವೆಂದು ಬಾಜೂ ಮನೆಯ ಕಡೆ ತಿರುಗಿದೆ. ಬಾಗಿಲಿಗೆ ಕೀಲಿ ಹಾಕಿತ್ತು.