ಭರಣಿಯೊಳಗಿನ ಸೂರ್ಯ

ಬನಹಟ್ಟಿಯ ನಮ್ಮ ಓಣಿಯಲ್ಲಿದ್ದ ನಿವೃತ್ತ ವಿಜ್ಞಾನ ಮಾಸ್ತರರು ಸೂರ್ಯನೊಳಗಿನ ಶಕ್ತಿಯನ್ನು ಗಾಜಿನ ಭರಣಿಯ ತಣ್ಣೀರಿನಲ್ಲೇ ಹುಟ್ಟಿಸಲು ಹೊರಟಿದ್ದರು. ದೊಡ್ಡ ವಿಜ್ಞಾನಿಗಳೇ ಕೈಬಿಟ್ಟ ಪ್ರಯೋಗವಲ್ಲವೇ ಎಂದರೆ, ಥರ್ಮಾಮೀಟರ್ ಒರೆಸುತ್ತ, "ಆತ್ರಿ, ಇನ್ನ ಸ್ವಲ್ಪ" ಎನ್ನುತ್ತಿದ್ದರು.

ಮಗ್ಗಗಳು ಪುಕ್ಕಟೆ ಓಡುತ್ತವೆಂಬ ಆಸೆಯಿಂದ ಮೊದಲ ದಿನ ಓಣಿಯ ನೇಕಾರರೆಲ್ಲ ನೋಡಲು ಬಂದರು. ಭರಣಿಯಲ್ಲಿ ಗುಳ್ಳೆ ಏಳುವಷ್ಟರಲ್ಲಿ ಕರೆಂಟು ಹೋಗಿ, ಓಣಿಯ ಮಗ್ಗಗಳೊಂದಿಗೆ ಅದೂ ಸುಮ್ಮನಾಯಿತು.

"ಇದಕ್ಕೂ ಕರೆಂಟ್ ಬೇಕೇನ್ರಿ ಮಾಸ್ತರ?" ಎಂದ ಒಬ್ಬ ನೇಕಾರ.

ಮುಂದಿನ ವಾರ ಹೋದವನು ನಾನೊಬ್ಬನೇ. ಹಾಸಿದ್ದ ಜಮಖಾನ ಮಾತ್ರ ಮೊದಲ ದಿನದಷ್ಟೇ ದೊಡ್ಡದಿತ್ತು.

ಹೋದ ವರ್ಷ ಅವರ ಮಾಳಿಗೆಯ ಮೇಲೆ ಸೋಲಾರ್ ಫಲಕ ಕಂಡು, ಕೊನೆಗೂ ಮಾಸ್ತರರು ಮೇಲಿನ ಸೂರ್ಯನಿಗೇ ಶರಣಾದರು ಎಂದುಕೊಂಡೆ. ಕೇಳಿದ್ದಕ್ಕೆ ಅವರು ನನ್ನನ್ನೇ ಸಮಾಧಾನಪಡಿಸಿದರು:

"ಅದು ಭರಣಿಗೆ ಕರೆಂಟ್ ಕೊಡಾಕಷ್ಟ ರೀ. ಇನ್ನ ಸ್ವಲ್ಪ ದಿನ, ಆಮ್ಯಾಲ ತಗದ ಬಿಡೂದು."